ಮುಕ್ಕಾಲಿಂಚಿನ ಉಳಿ

ಒಂಬತ್ತನೆಯ ಮೊಳೆ ಹೊಸ ಹಲಗೆಯನ್ನು ದಾಟಿದ್ದೇ ತಡ, ಮಿಕ್ಕರ್ಧ ಒಂದೇ ಏಟಿಗೆ ಸರಕ್ಕನೆ ಇಳಿದುಬಿಟ್ಟಿತು. ಏಣಿಯ ಮೇಲಿದ್ದ ಚೆನ್ನರಾಯಪ್ಪನಿಗೆ ಮೊದಲು ಆದದ್ದು ಸಂತೋಷ. ಆಮೇಲೆ ಆ ಸಂತೋಷಕ್ಕೆ ನಾಚಿಕೆಯಾಯಿತು, ನಾಚಿಕೆಯಾಯಿತಲ್ಲ ಎಂದು ಸಿಟ್ಟು ಬಂತು. ಸೂರಿನ ಅಂಚಿಗೆ ಅವನು ಹೊಡೆಯುತ್ತಿದ್ದ ಹಲಗೆ ಹೊನ್ನೆಯದು, ಗಟ್ಟಿ. ಅದರ ಹಿಂದೆ ಮಾಡಿನ ಭಾರ ಹೊತ್ತಿದ್ದ ಜಂತೆಗಳ ತುದಿ ಮಾತ್ರ ಒಳಗೊಳಗೇ ಕೊಳೆತು ಲಡ್ಡಾಗಿತ್ತು. ಇದು ಅವನಿಗೆ ಮೂರನೆಯ ಮೊಳೆಗೇ ಗೊತ್ತಾಗಿತ್ತು. ಗೊತ್ತಾದ ಮೇಲೂ ಆರು ಮೊಳೆ ಹೊಡೆದಿದ್ದ. ಮೂರು ಹಲಗೆಗಳಲ್ಲಿ ಮೊದಲನೆಯದು ಪೂರ್ತಿ ಕೂತು, ಕೆಳಗಿನಿಂದ ನೋಡಿದವರಿಗೆ ಮದುವೆ ಮನೆಯ ಕಳೆ ಬಂದ ಹಾಗೆ ಕಾಣುತ್ತಿತ್ತು. ಇನ್ನೊಂದು ತಿಂಗಳಿಗೆ ಆಷಾಢದ ಗಾಳಿ ಶುರುವಾಗುತ್ತದೆ. ಹಲಗೆ ಮೊದಲು ಬಡಗಣ ತುದಿಯಲ್ಲಿ ಬಾಯಿ ಬಿಡುತ್ತದೆ, ಆಮೇಲೆ ಒಂದು ಮಧ್ಯಾಹ್ನ ಮೊಳೆಗಳ ಸಮೇತ ಕಿತ್ತುಕೊಂಡು ಕೆಳಗೆ ಬರುತ್ತದೆ. ಬರಲಿ ಎಂದುಕೊಂಡ. ಪಂಚಾಯ್ತಿ ಛೇರ್ಮನ್ ಆವಲಪ್ಪನವರ ಮನೆಯ ಸೂರು ಬಿತ್ತಂತೆ ಎಂದು ಜಂಗಮಕೋಟೆಯವರೆಗೂ ಜನ ಆಡಿಕೊಳ್ಳಲಿ. ಅದು ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ಯೋಚನೆ ಬಂದದ್ದು ಹತ್ತನೆಯ ಮೊಳೆಯನ್ನು ತುಟಿಯಿಂದ ತೆಗೆಯುತ್ತ ಕೆಳಗೆ ನೋಡಿದಾಗ.

ಕೆಳಗೆ ಅವನ ತಾಯಿ ಆಂಜಿನಮ್ಮ ಹಳೆಯ ಹಲಗೆಯ ಚೂರುಗಳನ್ನು ಸೌದೆಗೆಂದು ಆರಿಸಿ ಮಡಿಲಿಗೆ ತುಂಬಿಕೊಳ್ಳುತ್ತಿದ್ದಳು. ಈ ಮನೆಯ ಕೊಟ್ಟಿಗೆ ಕೆಲಸ ಅವಳದು, ಇಪ್ಪತ್ತೆರಡು ವರ್ಷದಿಂದ. ಆವಲಪ್ಪನ ತಾಯಿ ಅಮ್ಮಾಜಮ್ಮ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಕೊಳೆತದ್ದನ್ನೆಲ್ಲ ನೀನೇ ತಗೊಂಡು ಹೋಗು ಎಂದಿದ್ದರು. ತಾಯಿ ನಿಂತಿದ್ದ ಜಾಗ ಚೆನ್ನರಾಯಪ್ಪನಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತು. ಎಷ್ಟೋ ಮಳೆಗಾಲಗಳಲ್ಲಿ ಸೂರಿನ ಹನಿ ಬಿದ್ದು ಬಿದ್ದು ಅಂಗಳದ ನೆಲದಲ್ಲಿ ಜಗಲಿಯ ಉದ್ದಕ್ಕೂ ಸಣ್ಣ ಗುಂಡಿಗಳ ಒಂದು ಸಾಲಾಗಿತ್ತು. ಸಾಲಿನ ಒಳಗೆ ಜಗಲಿ, ಬಾಗಿಲು, ಮನೆ. ಕೇರಿಯವರು ಸಾಲಿನ ಹೊರಗೆ. ಇದನ್ನು ಯಾರೂ ಯಾರಿಗೂ ಬಾಯಿ ಬಿಟ್ಟು ಹೇಳಿದ್ದಿಲ್ಲ. ಅವನು ಆರು ವರ್ಷದವನಿದ್ದಾಗ ಒಂದು ಸಂಜೆ ಜೋರು ಮಳೆ, ಅಮ್ಮಾಜಮ್ಮ ಮುದ್ದೆ ತರಲು ಒಳಗೆ ಹೋಗಿದ್ದರು, ತಾಯಿ ಮಗ ಇಬ್ಬರೂ ಇದೇ ಸಾಲಿನ ಮೇಲೆ ನಿಂತಿದ್ದರು. ಒಂದು ಹೆಜ್ಜೆ ಹಿಂದೆ ಹೋದರೆ ಬರೀ ಮಳೆ, ಒಂದು ಹೆಜ್ಜೆ ಮುಂದೆ ಹೋದರೆ ಒಣ ನೆಲ. ನಡುವೆ ನಿಂತವರಿಗೆ ಇಡೀ ಮಾಡಿನ ನೀರು ಕತ್ತಿನ ಮೇಲೆ. ಅವನು ಒಣ ನೆಲದ ಕಡೆ ವಾಲಿದ್ದ. ಭುಜದ ಮೇಲಿದ್ದ ತಾಯಿಯ ಕೈ ಬಿಗಿಯಾಯಿತು. ಆ ಕೈ ತನ್ನನ್ನು ಕಾಯುತ್ತಿತ್ತೋ ತಡೆಯುತ್ತಿತ್ತೋ ಎಂದು ಅವನಿಗೆ ಇಪ್ಪತ್ತೈದು ತುಂಬಿದ ಮೇಲೂ ಬಗೆಹರಿದಿಲ್ಲ. ಈಗ ಹಲಗೆ ಕಿತ್ತುಕೊಂಡು ಬಂದರೆ ಸರಿಯಾಗಿ ಆ ಸಾಲಿನ ಮೇಲೆಯೇ ಬೀಳುತ್ತದೆ. ಮನೆಯವರಿಗೆ ಏನೂ ಆಗುವುದಿಲ್ಲ.

ಅವನು ಹತ್ತನೆಯ ಮೊಳೆಯನ್ನು ಜೇಬಿಗೆ ಹಾಕಿಕೊಂಡ.

“ಯಾಕಪ್ಪಯ್ಯ, ನಿಲ್ಲಿಸ್ಬುಟ್ಟೆ?” ತಾಯಿ ತಲೆಯೆತ್ತಿ ಕೇಳಿದಳು. “ಹಲಗೆ ಆ ಕಡೀಗೆ ಒಸಿ ವಾಲ್ದಂಗೈತೆ ನೋಡು.”

“ವಾಲಿಲ್ಲ. ನೀನ್ ನಿಂತಿರೋ ಕಡೆಯಿಂದ ಹಂಗೆ ಕಾಣ್ತದೆ.”

ಒಳಗೆ ಹೋಗಿ ಒಂದು ಸಲ ನೋಡಿದ್ದರೆ ಇದೆಲ್ಲ ಮೊದಲೇ ತಿಳಿಯುತ್ತಿತ್ತು. ಕೇಳಿಯೂ ಇದ್ದ. ಮೂರು ದಿನದ ಹಿಂದೆ ಆವಲಪ್ಪ ಅವನನ್ನು ಕರೆಸಿದಾಗ, ಕರೆಸಿದ್ದೇ ದೊಡ್ಡ ಸುದ್ದಿಯಾಗಿತ್ತು. ಊರಿನ ಆಚಾರಿ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಚರಕಗಳನ್ನು ಮಾಡಿಕೊಂಡು ಅಲ್ಲೇ ಉಳಿದುಬಿಟ್ಟಿದ್ದ, ಹೇಳಿ ಕಳಿಸಿದರೂ ಬರಲಿಲ್ಲ. ಹರಿಜನ ಹುಡುಗರಿಗೆಂದು ಸೀಟು ಇಟ್ಟಿದ್ದ ಸರ್ಕಾರದ ತರಬೇತಿ ಕೇಂದ್ರದಲ್ಲಿ ಒಂದೂವರೆ ವರ್ಷ ಮರಗೆಲಸ ಕಲಿತು, ಮೊಹರು ಹಾಕಿದ ಸರ್ಟಿಫಿಕೇಟು ತಂದು, ಕೇರಿಯ ಗುಡಿಸಲುಗಳಿಗೆ ಬಾಗಿಲು ಮಾಡಿಕೊಂಡಿದ್ದವನು ಚೆನ್ನರಾಯಪ್ಪ ಒಬ್ಬನೇ. ಅದೂ ಅಲ್ಲದೆ ಸೂರಿನ ಹಲಗೆ ಹೊರಗಿನ ಕೆಲಸ. ಏಣಿ ಹಾಕಿ ಹತ್ತಬಹುದು, ಇಳಿಯಬಹುದು, ಹೊಸಿಲು ಮುಟ್ಟಬೇಕಾಗಿಲ್ಲ. ಇಡೀ ಮನೆಯಲ್ಲಿ ಅವನಂಥವನಿಗೆ ಹೇಳಿ ಮಾಡಿಸಿದ ಮರಗೆಲಸ ಅದೊಂದೇ. ಒಳಗೆ ಬಂದು ಜಂತೆ ನೋಡಲಾ ಎಂದು ಕೇಳಿದಾಗ ಆವಲಪ್ಪ ಗದರಲಿಲ್ಲ, ಮುಖ ಗಂಟಿಕ್ಕಲಿಲ್ಲ. ತಗ್ಗಿದ ದನಿಯಲ್ಲಿ, “ಬೇಡಪ್ಪ, ಹುಳ ಹಣ್ಣಾಗೋ ಹೊತ್ತು. ನಮ್ ಅಣ್ಣತಮ್ಮಂದಿರನ್ನೂ ಒಳಗೆ ಬಿಡ್ತಿಲ್ಲ. ತಪ್ಪು ತಿಳ್ಕೋಬೇಡ,” ಎಂದಿದ್ದ.

ರೇಷ್ಮೆ ಹುಳ ಸಾಕಿದ ಮನೆಯ ಕಟ್ಟುಪಾಡು ಈ ಸೀಮೆಯಲ್ಲಿ ಕೂಸಿಗೂ ಗೊತ್ತು. ಹುಳ ತಟ್ಟೆಯಲ್ಲಿರುವಷ್ಟು ದಿನ ಹೊರಗಿನ ಕಾಲು, ಹೊರಗಿನ ವಾಸನೆ ಒಳಗೆ ಬಾರದು. ನೆಂಟರನ್ನೂ ಜಗಲಿಯಲ್ಲೇ ಕೂರಿಸಿ ಕಳಿಸುತ್ತಾರೆ. ತಪ್ಪು ತಿಳ್ಕೋಬೇಡ ಎಂಬ ಮಾತನ್ನು ಚೆನ್ನರಾಯಪ್ಪ ಮನೆಗೆ ಹೋಗುವ ದಾರಿಯುದ್ದಕ್ಕೂ ಬಾಯಲ್ಲಿ ಇಟ್ಟುಕೊಂಡು ಹೋಗಿದ್ದ. ತನ್ನ ಹತ್ತಿರ ಯಾರು ಯಾವತ್ತು ಹಾಗೆ ಅಂದಿದ್ದಾರೆ? ತಡೆದದ್ದು ಹುಳಕ್ಕಾಗಿ, ಜಾತಿಗಾಗಿ ಅಲ್ಲ, ಅಣ್ಣತಮ್ಮಂದಿರನ್ನೂ ತಡೆದಿದ್ದಾರೆ, ಅಂದರೆ ತಾನೂ ಅವರ ಸಾಲಿನಲ್ಲೇ ನಿಂತ ಹಾಗಾಯಿತು. ತಾಯಿಗೆ ಇದನ್ನು ಹೇಳುವಾಗ ಅವನ ದನಿ ಸ್ವಲ್ಪ ಏರಿತ್ತು. ಕಾಲ ಬದಲಾಗೈತಮ್ಮ, ನೀನು ಸುಮ್ಮನೆ ಎಲ್ಲದಕ್ಕೂ ಹೆದರ್ಕೊಂಡು ಸಾಯ್ತೀಯ ಎಂದು ಬೈದೂ ಇದ್ದ. ತಾಯಿ ಒಲೆಯ ಮುಂದೆ ಕೂತು ಸುಮ್ಮನೆ ಕೇಳಿಸಿಕೊಂಡಿದ್ದಳು.

ಅವನು ಸುತ್ತಿಗೆಯ ಹಿಂಬದಿಯಿಂದ ಹೊಡೆದ ಮೊಳೆಗಳನ್ನು ಒಂದೊಂದಾಗಿ ಕೀಳತೊಡಗಿದ. ಕಿತ್ತು ಬಂದ ಮೊಳೆಯ ತುದಿಗೆ ಜಂತೆಯ ಹುಡಿ ಒದ್ದೆ ಕಾಫಿಪುಡಿಯಂತೆ ಅಂಟಿಕೊಂಡಿತ್ತು. ಸದ್ದಿನ ವ್ಯತ್ಯಾಸ ಕೇಳಿ ಆವಲಪ್ಪ ಹೊರಗೆ ಬಂದ. ನಲವತ್ತರ ಆಳು, ಇಸ್ತ್ರಿ ಮಾಡಿದ ಷರ್ಟು, ಷರ್ಟಿನ ಜೇಬಿನಲ್ಲಿ ಪೆನ್ನು. ಕೆಟ್ಟವನೆಂದು ಹೇಳುವ ಹಾಗಿಲ್ಲ.

“ಏನ್ ಚೆನ್ನರಾಯ, ಹೊಡೆದಿದ್ದನ್ನ ಕೀಳ್ತಿದೀಯ?”

“ಜಂತೆ ತುದಿ ಲಡ್ಡಾಗೈತೆ ಗೌಡ್ರೆ. ಹಲಗೆ ಹಿಡ್ಕಳಾಕೆ ಹಿಂದೆ ಏನೂ ಇಲ್ಲ.”

“ಇನ್ನೊಂಚೂರು ಉದ್ದ ಮೊಳೆ ಹಾಕಿದ್ರಾಯ್ತು.”

“ಲಡ್ಡಿಗೆ ಎಷ್ಟುದ್ದ ಹಾಕಿದ್ರೂ ಅಷ್ಟೇಯ. ಕೊಳೆತಿರೋ ತುದಿ ಕೊಯ್ದು ಹೊಸ ಮರ ಕಚ್ಚು ಹಾಕಿ ಕೂರಿಸ್ಬೇಕು. ಎಷ್ಟು ದೂರ ಕೊಳೆತೈತೆ ಅಂತ ಒಳಗಿಂದ ನೋಡ್ಬೇಕು.”

ಒಳಗಿಂದ ಎಂಬ ಮಾತಿಗೆ ಕೊಟ್ಟಿಗೆಯ ಕಡೆ ಹೊರಟಿದ್ದ ಆಂಜಿನಮ್ಮ ನಿಂತಳು. ಬಾಗಿಲ ಸಂದಿನಲ್ಲಿ ಅಮ್ಮಾಜಮ್ಮನ ಬಿಳಿ ಸೀರೆ ಕಾಣಿಸಿತು. ಆವಲಪ್ಪ ಕತ್ತು ತುರಿಸಿಕೊಂಡ, ಮಾಡು ನೋಡಿದ, ಆಮೇಲೆ ಒಮ್ಮೆಗೇ ಅವನ ಮುಖ ಬೆಳಗಿತು. ಬುದ್ಧಿವಂತನಿಗೆ ಉಪಾಯ ಹೊಳೆದಾಗ ಆಗುವ ಹಾಗೆ.

“ಹೆಂಚು ತೆಗೆದು ಮೇಲಿಂದ್ಲೇ ನೋಡಿದ್ರೆ ಆಗಲ್ವ?”

“ಆಗ್ತದೆ,” ಎಂದ ಚೆನ್ನರಾಯಪ್ಪ. ನಿಜವಾಗಿಯೂ ಆಗುತ್ತಿತ್ತು. “ಆದ್ರೆ ಧೂಳು ಬೀಳ್ತದಲ್ಲ ಗೌಡ್ರೆ. ಹುಳದ ಮೇಲೆ.”

ಆವಲಪ್ಪನ ಮುಖದಲ್ಲಿ ಒಂದು ಗಳಿಗೆ ಏನೂ ಇರಲಿಲ್ಲ. “ಹುಳ,” ಎಂದ. “ಹ್ಞಾ, ಅದಕ್ಕೇನು, ಪಂಚೆ ಮುಚ್ತೀವಿ ಬಿಡು.”

ಮಾಡಿನ ಮೇಲೆ ಹೆಂಚುಗಳು ಆಗಲೇ ಕಾದಿದ್ದವು. ಅವನು ಅಂಗಾಲು ಬದಲಿಸುತ್ತ ಸೂರಿನ ಕಡೆಯಿಂದ ಒಂದೊಂದೇ ಹೆಂಚು ಎತ್ತಿ ಪಕ್ಕಕ್ಕೆ ಜೋಡಿಸಿದ. ಹುಳದ ಮೇಲೆ ಧೂಳು ಬೀಳದಿರಲೆಂದು ಪ್ರತಿ ಹೆಂಚನ್ನೂ ಮೊದಲು ಉಫ್ ಎಂದು ಊದಿ, ಆಮೇಲೆ ಮಗುವನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ಎತ್ತಿದ. ಇದನ್ನು ಆಮೇಲೆ ನೆನೆಸಿಕೊಂಡಾಗಲೆಲ್ಲ ಅವನಿಗೆ ಕಿವಿ ಬಿಸಿಯಾಗುತ್ತದೆ. ಹೆಂಚಿಗೆ ಆಧಾರವಾದ ರೀಪುಗಳ ನಡುವೆ ಮೊದಲು ಕತ್ತಲೆ, ಆಮೇಲೆ ಕತ್ತಲೆಯೊಳಗೆ ಬಿಸಿಲಿನ ಒಂದು ಚೌಕ, ಚೌಕ ದೊಡ್ಡದಾದ ಹಾಗೆ ನಡುಮನೆ ತನ್ನಷ್ಟಕ್ಕೆ ತಾನೇ ಕಾಣಿಸಿಕೊಂಡಿತು. ಹಣ್ಣಾಗುವ ಹುಳ ಸೊಪ್ಪು ಮೇಯುವಾಗ ಸಣ್ಣ ಮಳೆ ಬಿದ್ದ ಹಾಗೆ ಸದ್ದಾಗುತ್ತದೆ. ಆ ಸದ್ದಿಗೆ ಕಿವಿ ಕೊಟ್ಟ. ಏನೂ ಇಲ್ಲ. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆಯೂ ಇಲ್ಲ. ಗೋಡೆಯ ಪಕ್ಕದ ಅಟ್ಟಣೆಯಲ್ಲಿ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಕೂತಿದ್ದವು, ಸಗಣಿ ಸಾರಿಸಿ ಒಣಗಿಸಿದ್ದವು, ಖಾಲಿ. ಹುಳ ಗೂಡು ಕಟ್ಟುವ ಚಂದ್ರಂಕಿಗಳು ಮೂಲೆಗೆ ಒರಗಿದ್ದವು. ಒಂದು ತಟ್ಟೆಯ ಮೇಲೆ ಮಾತ್ರ ಆಗಷ್ಟೇ ಯಾರೋ ಅವಸರದಲ್ಲಿ ಒಂದು ಪಂಚೆ ಹೊದಿಸಿದ್ದರು. ಪಂಚೆ ಚಪ್ಪಟೆಯಾಗಿ ಬಿದ್ದಿತ್ತು, ಅದರ ಕೆಳಗೆ ಏನೂ ಇಲ್ಲ ಎಂದು ಮೇಲಿನಿಂದ ಚೆನ್ನಾಗಿ ಕಾಣುತ್ತಿತ್ತು.

ಎಷ್ಟು ಹೊತ್ತು ಹಾಗೆಯೇ ಕುಕ್ಕರುಗಾಲಿನಲ್ಲಿ ಕೂತಿದ್ದನೋ. ಸಿಟ್ಟು ಬರಲಿ ಎಂದು ಕಾದ, ಬರಲಿಲ್ಲ. ಕಣ್ಣ ಮುಂದೆ ಬಂದದ್ದು ಮೊನ್ನೆ ದಾರಿಯಲ್ಲಿ ಸಂತೋಷದಿಂದ ನಡೆದುಹೋದ ತನ್ನದೇ ಬೆನ್ನು. ಸುಳ್ಳು ಹೇಳಿದ ಆವಲಪ್ಪನಿಗಿಂತ ಅದನ್ನು ಬೆಲ್ಲದ ಹಾಗೆ ಚೀಪುತ್ತ ಹೋದ ಚೆನ್ನರಾಯಪ್ಪ ಅವನಿಗೆ ಹೆಚ್ಚು ಅಸಹ್ಯವಾದ. ಬಾಗಿಲಿಗೆ ಬರಬೇಡ ಕಣೋ ಎಂದು ನೇರವಾಗಿ ಅಂದಿದ್ದರೆ ಅದು ಹಳೆಯ ಮಾತು, ಅದಕ್ಕೆ ಅವನ ಬಳಿ ಹಳೆಯ ಮೌನವಿತ್ತು. ಬಿಡಿಓ ಆಫೀಸಿನ ಗೋಡೆಯ ಮೇಲೆ ಅಸ್ಪೃಶ್ಯತೆ ಅಪರಾಧ ಎಂದು ಬರೆದಿದ್ದಾರೆ, ಅದರ ಕೆಳಗಿನ ಬೆಂಚಿನಲ್ಲಿ ಆವಲಪ್ಪ ತಿಂಗಳಿಗೆ ಎರಡು ಸಲ ಕೂರುತ್ತಾನೆ, ಆದ್ದರಿಂದ ನೇರವಾಗಿ ಅನ್ನಲಾರ. ಹುಳಗಳನ್ನು ಮುಂದೆ ಮಾಡಿದ. ಕೆಳಗೆ ಬಿಸಿಲಿನ ಚೌಕದೊಳಗೆ ಒಂದು ಒರಳು, ಹಗ್ಗದ ಮೇಲೆ ಒಣಹಾಕಿದ ಎರಡು ರವಿಕೆ, ಅರ್ಧ ಬಳಿದ ಮೊರ. ಜೀವಮಾನವೆಲ್ಲ ಹೊರಗೆ ನಿಂತು ಅವನು ಈ ನಡುಮನೆಯನ್ನು ಎಷ್ಟು ದೊಡ್ಡದೆಂದುಕೊಂಡಿದ್ದ. ಹದಿನಾಲ್ಕಡಿ ಅಗಲ, ಹೆಚ್ಚೆಂದರೆ ಹದಿನೈದು.

ಕಚ್ಚಿಗೆ ಬೇಕಾದ ಮರದ ತುಂಡು ತೆಗೆದುಕೊಳ್ಳಲು ಏಣಿ ಇಳಿದು ಬಂದಾಗ ತಾಯಿ ಸೌದೆಯ ಹೊರೆ ಕಟ್ಟುತ್ತಿದ್ದಳು. ಅವನು ಅವಳ ಪಕ್ಕ ಕೂತು ಗರಗಸ ಹಿಡಿದ.

“ಒಳಗೆ ಹುಳ ಇಲ್ಲಮ್ಮ.”

ಅವಳು ಹಗ್ಗ ಎಳೆದು ಗಂಟು ಹಾಕಿದಳು. “ನಂಗೊತ್ತಿತ್ತು ಕಣಪ್ಪ. ಗೂಡು ಮಾರಿ ಹದಿನೈದು ದಿನ ಆಯ್ತು. ಹುಳ ಮೇದು ಬಿಟ್ಟಿದ್ದು ಅಂತ ಹಸುಗೆ ಒಂದು ಸೊಪ್ಪಿನ ಕಡ್ಡಿನೂ ಬೀಳ್ತಿಲ್ಲ.”

“ಮತ್ಯಾಕೆ ಹೇಳ್ಲಿಲ್ಲ?”

“ಅಷ್ಟು ಖುಷಿಯಾಗಿ ಹೇಳ್ತಿದ್ಯಲ್ಲ ನೀನು,” ಎಂದಳು ಆಂಜಿನಮ್ಮ. “ನಿಮ್ಮಪ್ಪ ಸತ್ ಮೇಲೆ ನೀನು ಅಷ್ಟು ಮಾತಾಡಿದ್ದೇ ನಾ ಕಾಣೆ.”

ಅವನಿಗೆ ಗರಗಸದ ಹಲ್ಲು ಗೆರೆ ತಪ್ಪಿತು. ಮತ್ತೆ ಗೆರೆಗೆ ತಂದ. ಬಿಟ್ಟು ಹೋಗಿಬಿಡೋಣ ಎನ್ನಿಸಿತು. ಹೆಂಚು ತೆಗೆದ ಮಾಡು ಹಾಗೆಯೇ ಬಾಯಿ ಬಿಟ್ಟುಕೊಂಡಿರಲಿ, ಶಿಡ್ಲಘಟ್ಟದಿಂದ ಆಚಾರಿ ಬರುವವರೆಗೂ ಮನೆಯವರು ಆಕಾಶವನ್ನೇ ಹೊದ್ದು ಮಲಗಲಿ. ಹಾಗೆ ಹೋದರೆ ನಾಳೆ ಊರಿನವರು ಏನು ಹೇಳುತ್ತಾರೆಂಬುದೂ ಗೊತ್ತಿತ್ತು. ಕೇರಿ ಹುಡುಗನಿಗೆ ಕೆಲಸ ಬರಲಿಲ್ಲ, ಅರ್ಧಕ್ಕೆ ಓಡಿಹೋದ. ಬಂದ ಸಿಟ್ಟನ್ನೆಲ್ಲ ಕಚ್ಚಿಗೆ ಹಾಕಬೇಕು, ಈ ಮನೆಯಲ್ಲಿ ಇಂಥ ಕಚ್ಚು ಯಾವ ಆಚಾರಿಯೂ ಹಾಕಿಲ್ಲ ಎನ್ನುವ ಹಾಗೆ ಹಾಕಬೇಕು. ಆಮೇಲೆ ನೋಡೋಣ.

ಮೇಲೆ ಹತ್ತಿ ಚೀಲದಿಂದ ಮುಕ್ಕಾಲಿಂಚಿನ ಉಳಿ ತೆಗೆದ. ಅದು ಅವನು ಜೀವನದಲ್ಲಿ ಕೊಂಡ ಮೊದಲನೆಯ ವಸ್ತು. ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದ ಮುನಿವೆಂಕಟಾಚಾರಿ ನಿಜಕ್ಕೂ ದೊಡ್ಡ ಕೆಲಸಗಾರ, ಮರದ ಮೇಲೆ ಕೈ ಇಟ್ಟರೆ ಅದರೊಳಗಿನ ಗಂಟು ಹೇಳುತ್ತಿದ್ದ. ಉಳಿ ಮಸೆಯುವುದನ್ನು ಕಲಿಸುವಾಗ ತನ್ನ ಉಳಿಯನ್ನು ಒಬ್ಬೊಬ್ಬ ಹುಡುಗನ ಕೈಗೂ ಕೊಟ್ಟು ತಿದ್ದುತ್ತಿದ್ದ. ಚೆನ್ನರಾಯಪ್ಪನ ಸರದಿ ಬಂದಾಗ ಉಳಿಯನ್ನು ಬಟ್ಟೆಗೆ ಒರೆಸಿ ಪಕ್ಕಕ್ಕೆ ಇಟ್ಟುಕೊಂಡು, “ಆಚಾರಿ ಉಳಿ ಬೇರೆಯೋರ ಕೈಗೆ ಹೋಗ್ಬಾರ್ದು ಕಣಯ್ಯ. ಕೈ ಬದಲಾದ್ರೆ ಬಾಯಿ ಕೆಡ್ತದೆ. ಇದು ಕಸುಬಿನ ನೇಮ,” ಎಂದ. ಅವನ ಹಿಂದಿನ ಮೂವರು ಹುಡುಗರ ಕೈ ಬೆವರು ಆ ಉಳಿಯ ಹಿಡಿಯ ಮೇಲೆ ಇನ್ನೂ ಆರಿರಲಿಲ್ಲ. ಆ ಮೂವರೂ ನೆಲ ನೋಡಿದರು. ಚೆನ್ನರಾಯಪ್ಪ ಹೌದು ಮೇಷ್ಟ್ರೇ ಎಂದ. ಹೌದು ಮೇಷ್ಟ್ರೇ ಎಂದದ್ದು ಈಗಲೂ ಕೆಲವು ಸಲ ಊಟದ ನಡುವೆ ನೆನಪಾಗುತ್ತದೆ. ಆಮೇಲೆ ಒಂದು ತಿಂಗಳು ಸಂಜೆಯ ಬನ್ನು ಬಿಟ್ಟು ಈ ಉಳಿ ಕೊಂಡ. ದೂರದಿಂದ ನೋಡಿದ್ದನ್ನೇ ನೆನೆದು ನೆನೆದು ಮಸೆದ. ಮುಂಗೈಯ ಕೂದಲು ಬೋಳಿಸುವಷ್ಟು ಹರಿತವಾದ ದಿನ ತೋರಿಸಲು ಯಾರೂ ಇರಲಿಲ್ಲ.

ಎರಡು ಜಂತೆಗಳು ಗೋಡೆಯ ಮೇಲಿನಿಂದ ಒಂದೂವರೆ ಅಡಿ ಒಳಗಿನವರೆಗೂ ಕೊಳೆತಿದ್ದವು. ತುದಿ ಕೊಯ್ದರೆ ಜಂತೆಗೆ ಗೋಡೆಯ ಆಸರೆ ತಪ್ಪುತ್ತದೆ, ಒಳಗಿನಿಂದ ಕಂಬ ಕೊಟ್ಟು ಯಾರಾದರೂ ಹಿಡಿದು ನಿಲ್ಲಬೇಕು. ಇದನ್ನು ಅವನು ಮೇಲಿನಿಂದಲೇ ಹೇಳಿದ. ಒಳಗೆ ಹೋಗಬಲ್ಲ ಗಂಡಾಳು ಆ ಹೊತ್ತಿಗೆ ಮನೆಯಲ್ಲಿ ಒಬ್ಬನೇ. ಆವಲಪ್ಪ ಷರ್ಟು ಬಿಚ್ಚಿ, ಪೆನ್ನನ್ನು ಗೋಡೆಯ ಗೂಡಿನಲ್ಲಿಟ್ಟು, ಸರ್ವೆ ಗಳವೊಂದನ್ನು ಜಂತೆಗೆ ಆನಿಸಿ ನಿಂತ.

“ಎತ್ತಿ,” ಎಂದ ಚೆನ್ನರಾಯಪ್ಪ. “ಇನ್ನೊಂಚೂರು. ಎಡಕ್ಕೆ. ಎಡಕ್ಕೆ ಅಂದ್ರೆ ನಿಮ್ಮೆಡಕ್ಕೆ. ಹಂಗೇ ಇರಿ, ಅಲ್ಲಾಡ್ಬೇಡಿ.”

ಆವಲಪ್ಪ ಅಲ್ಲಾಡದೆ ನಿಂತ. ಮೇಲಿನಿಂದ ಅವನ ನೆತ್ತಿಯ ಬೋಳು ಕಾಣುತ್ತಿತ್ತು, ಅದರ ಮೇಲೆ ಲಡ್ಡಿನ ಪುಡಿ ಉದುರುತ್ತಿತ್ತು. ಚೆನ್ನರಾಯಪ್ಪ ಅವಸರ ಮಾಡಲಿಲ್ಲ. ಬೇಕೆಂದೇ ತಡ ಮಾಡಿದನೆಂದರೆ ಅದೂ ಸುಳ್ಳು. ಕಚ್ಚು ಅಷ್ಟು ಹೊತ್ತು ಕೇಳುವಂಥದು. ಹಳೆಯ ಮರದ ಗಟ್ಟಿ ಭಾಗ ಸಿಗುವವರೆಗೂ ಕೆತ್ತಿದ, ಹೊಸ ತುಂಡನ್ನು ಕೂರಿಸಿ ನೋಡಿದ, ಕೂದಲೆಳೆಯಷ್ಟು ಸಂದು ಕಂಡಿತು, ತೆಗೆದು ಮತ್ತೆ ಉಳಿ ಹಾಕಿದ. ಕೆಳಗಿನಿಂದ ಆಗೀಗ, “ಆಯ್ತೇನಪ್ಪ?” ಎಂದು ಕೇಳಿಬರುತ್ತಿತ್ತು. “ಇನ್ನೂ ಇಲ್ಲ ಗೌಡ್ರೆ.” ಒಂದು ಸಲ ಅಮ್ಮಾಜಮ್ಮ ಬಂದು ಮಗನ ತೋಳು ನಡುಗುವುದನ್ನು ನೋಡಿ, ಮೇಲೆ ನೋಡಿ, ಅಡುಗೆಮನೆಗೆ ಹೋದರು. ಎರಡನೆಯ ಜಂತೆಗೂ ಹೊಸ ತುಂಡು ಕೊನೆಗೆ ಟಕ್ಕೆಂದು ಕೂತಾಗ ಅದು ಎಲ್ಲಿ ಮುಗಿದು ಹಳೆಯದು ಎಲ್ಲಿ ಶುರುವಾಗುತ್ತದೆಂದು ಬಣ್ಣದಿಂದ ಮಾತ್ರ ತಿಳಿಯುತ್ತಿತ್ತು.

ಇನ್ನು ಉಳಿದದ್ದು ಬೆಣೆ. ಕಚ್ಚು ಬಿಗಿಯಲು ಪ್ರತಿ ಜಂತೆಗೂ ಕೆಳಮುಖದಿಂದ ಒಂದು ಬೆಣೆ ಹೊಡೆಯಬೇಕು. ಮೇಲಿನಿಂದ ಅದಕ್ಕೆ ಕೈ ಹೋಗುವುದಿಲ್ಲ.

“ಅದೇನ್ ಮಹಾ, ನಾನೇ ಹೊಡೀತೀನಿ. ಕೊಡಿಲ್ಲಿ,” ಎಂದ ಆವಲಪ್ಪ. ಮಾತಿನಲ್ಲಿ ಗೌರವ ತಾನಾಗಿಯೇ ನುಸುಳಿತ್ತು, ಅವನಿಗೂ ಗೊತ್ತಾಗದ ಹಾಗೆ. ಬೆಣೆಯೂ ಸುತ್ತಿಗೆಯೂ ಹಗ್ಗದಲ್ಲಿ ಇಳಿದವು. ಅಟ್ಟಣೆಯ ಮೆಟ್ಟಿನ ಮೇಲೆ ನಿಂತು ಅವನು ಹೊಡೆದ ಮೊದಲನೆಯ ಏಟು ಬೆಣೆಯ ಕಿವಿ ಮುರಿಯಿತು. ಎರಡನೆಯದು ಹೆಬ್ಬೆಟ್ಟಿನ ಮೇಲೆ ಬಿತ್ತು. ಆವಲಪ್ಪ ಬೆರಳು ಬಾಯಲ್ಲಿಟ್ಟುಕೊಂಡು ಕೂತುಬಿಟ್ಟ.

ಚೆನ್ನರಾಯಪ್ಪ ಎರಡು ರೀಪುಗಳ ನಡುವೆ ಕಾಲು ಬಿಟ್ಟ. ಆ ಕ್ಷಣ ಅವನು ಏನನ್ನೂ ತೀರ್ಮಾನಿಸಲಿಲ್ಲ, ಬೆಣೆಯನ್ನು ಮಾತ್ರ ಯೋಚಿಸುತ್ತಿದ್ದ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ. ಪೂರ್ತಿ ನಿಜವಲ್ಲ. ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿ, ರೀಪು ಹಿಡಿದು ಜೋತು, 'ಬರ್ತಾ ಇದೀನಿ' ಎಂದು ಒಳಗೊಳಗೇ ಅಂದುಕೊಂಡು ಕೈಬಿಟ್ಟ. ಅಂಗಾಲಿಗೆ ಸಾರಿಸಿದ ನೆಲ ತಣ್ಣಗೆ ತಾಗಿತು.

ಪಾತ್ರೆಯೊಂದು ಅಡುಗೆಮನೆಯಲ್ಲಿ ಬಿತ್ತು. “ಏಮಿರಾ ಇದಿ,” ಎಂದು ಅಮ್ಮಾಜಮ್ಮ ಬಾಗಿಲಿಗೆ ಬಂದರು. ಸಿಟ್ಟು ಬಂದರೆ ಅವರಿಗೆ ತೆಲುಗೇ. ಕನ್ನಡಕ್ಕೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. “ಯಾರ್ನ ಕೇಳಿ ಒಳಗೆ ಬಂದ್ಯೋ ಆಂಜಿನಿ ಮಗನೆ?”

“ಬಾಗ್ಲಿಂದ ಬಿಡ್ಲಿಲ್ವಲ್ಲ ಅಮ್ಮಾರೆ. ಬಾಗ್ಲಿಂದ ಬಂದಿಲ್ಲ.”

ಖಾಲಿ ತಟ್ಟೆಯೊಂದರ ಮೇಲೆ ಉಳಿ ಇಟ್ಟು, ಮೆಟ್ಟಿನ ಮೇಲೆ ನಿಂತು, ಬೆಣೆಯ ಮುರಿದ ಕಿವಿಯನ್ನು ಉಳಿಯಿಂದ ಸವರಿ ಮತ್ತೆ ಅಲ್ಲೇ ಇಟ್ಟು, ಮೂರು ಮೂರು ಏಟಿಗೆ ಒಂದೊಂದು ಬೆಣೆ ಕೂರಿಸಿದ. ಕೊನೆಯ ಏಟಿಗೆ ಜಂತೆ ಗಂಟೆಯ ಹಾಗೆ ದನಿ ಕೊಟ್ಟಿತು. ಆವಲಪ್ಪ ಬೆರಳು ಬಾಯಿಂದ ತೆಗೆದು, ತಾಯಿಯ ಕಡೆ ನೋಡದೆ, ತಗ್ಗಿದ ಅದೇ ದನಿಯಲ್ಲಿ, “ಹುಳ ಇದ್ದವು ಚೆನ್ನರಾಯ. ಹೋದ ಪಕ್ಷದವರೆಗೂ ಇದ್ದವು,” ಎಂದ.

“ನಾನೇನೂ ಕೇಳಿಲ್ವಲ್ಲ ಗೌಡ್ರೆ.”

ಬಂದ ದಾರಿಯಲ್ಲಿ ಮೇಲೆ ಹೋಗಲಾಗುವುದಿಲ್ಲ. ಉಳಿದದ್ದು ಬಾಗಿಲು. ಅವನು ಸುತ್ತಿಗೆ ಎತ್ತಿಕೊಂಡು, ಒರಳನ್ನು ಬಳಸಿ, ಅಮ್ಮಾಜಮ್ಮನ ಮುಂದೆಯೇ ಹಾದು, ಅರಿಸಿನ ಹಚ್ಚಿದ ಹೊಸಿಲನ್ನು ಮೆಟ್ಟದೆ ದಾಟಿದ. ಮೆಟ್ಟದೆ ದಾಟಬೇಕೆಂದು ಅವನ ತಾಯಿಯೂ ಕಲಿಸಿದ್ದಾಳೆ. ಜಗಲಿಯ ಮೇಲೆ ಬಂದು ನಿಂತ. ಅಂಗಳದಲ್ಲಿ ಆಂಜಿನಮ್ಮ ಸೌದೆಯ ಹೊರೆಯನ್ನು ತಬ್ಬಿಕೊಂಡು ಹನಿಯ ಸಾಲಿನ ಆಚೆ ನಿಂತಿದ್ದಳು, ಅವನ ಹಿಂದಿನ ಬಾಗಿಲನ್ನು ನೋಡುತ್ತಿದ್ದಳು. ಆ ಬಾಗಿಲಿನಿಂದ ಅಮ್ಮಾಜಮ್ಮನ ಮಾತು ಬಂತು, ಈಗ ಅಚ್ಚ ಕನ್ನಡದಲ್ಲಿ. “ಆಂಜಿನಿ, ನಾಳೆಯಿಂದ ಕೊಟ್ಟಿಗೆಗೆ ಬರಬೇಡ.”

ಚೆನ್ನರಾಯಪ್ಪ ಏಣಿ ಹತ್ತಿದ. ಇಪ್ಪತ್ತೆರಡು ವರ್ಷದ ಸಗಣಿ, ಇಪ್ಪತ್ತೆರಡು ವರ್ಷದ ಮುದ್ದೆ, ಒಂದು ಮಾತಿಗೆ ಹೋಯಿತು. ತನ್ನ ಕಾಲು ಆ ನೆಲಕ್ಕೆ ಇಳಿದ ಸುಖಕ್ಕೆ ಅವಳು ತೆರಬೇಕು. ಕ್ಷಮೆ ಕೇಳು ಎಂದು ಒಂದು ದನಿ ಹೇಳಿತು, ಅದು ಹೌದು ಮೇಷ್ಟ್ರೇ ಎಂದ ದನಿಯೇ, ಅದರ ಗುರುತು ಹತ್ತಿತು. ಕೇಳುವುದಿಲ್ಲ ಎಂದು ಹೆಂಚು ಹೊದಿಸಿದ. ಒಂದೊಂದು ಹೆಂಚಿಗೂ ಕೆಳಗಿನ ಬಿಸಿಲಿನ ಚೌಕ ಚಿಕ್ಕದಾಗಿ, ಒರಳು ಹೋಯಿತು, ಹಗ್ಗ ಹೋಯಿತು, ತಟ್ಟೆಗಳು ಹೋದವು. ಕೊನೆಯ ಹೆಂಚಿನೊಡನೆ ಮನೆ ಮತ್ತೆ ಹೊರಗಿನಿಂದ ಮಾತ್ರ ಕಾಣುವ ಮನೆಯಾಯಿತು. ಆಮೇಲೆ ಮೂರು ಹಲಗೆಗಳನ್ನೂ ಹೊಡೆದ. ಮೊಳೆಗಳು ಈಗ ಕಚ್ಚಿ ಕಚ್ಚಿ ಇಳಿದವು, ಒಂದೊಂದಕ್ಕೆ ಏಳೆಂಟು ಏಟು ಬೇಕಾಯಿತು. ಹೊಸ ಹಲಗೆ ಈ ತುದಿಯಿಂದ ಆ ತುದಿಗೆ ಒಂದೇ ಗೆರೆ ಎಳೆದ ಹಾಗಿತ್ತು. ಆಷಾಢದ ಗಾಳಿಗಲ್ಲ, ಅದರಪ್ಪನಿಗೂ ಅಲ್ಲಾಡುವುದಿಲ್ಲ.

ಇಳಿದು ಬಂದು ಸಾಮಾನುಗಳನ್ನು ಚೀಲಕ್ಕೆ ತುಂಬುವಾಗ ಗೊತ್ತಾಯಿತು. ಸುತ್ತಿಗೆ, ಗರಗಸ, ಬಾಚಿ, ಕೊಡತಿ, ಅರ್ಧ ಇಂಚಿನ ಉಳಿ ಇದ್ದವು. ಮುಕ್ಕಾಲಿಂಚಿನದು ಇರಲಿಲ್ಲ. ಒಳಗೆ, ತಟ್ಟೆಯ ಮೇಲೆ. ಮರೆತನೋ ಬಿಟ್ಟು ಬಂದನೋ ಅವನಿಗೇ ತಿಳಿಯಲಿಲ್ಲ, ಚೀಲದೊಳಗೆ ಕೈಯಾಡಿಸುತ್ತ ಇದ್ದ. ಅಷ್ಟರಲ್ಲಿ ಆವಲಪ್ಪ ಹೆಬ್ಬೆಟ್ಟಿಗೆ ಬಟ್ಟೆ ಸುತ್ತಿಕೊಂಡು ಜಗಲಿಗೆ ಬಂದು ಹಲಗೆ ನೋಡಿದ. ಚೆನ್ನಾಗಿದೆ ಎನ್ನಲು ಬಾಯಿ ತೆರೆದವನು ಒಳಗಿನ ತಾಯಿಯನ್ನು ನೆನೆದು ಮುಚ್ಚಿದ.

“ನನ್ನುಳಿ ಒಳಗೈತೆ,” ಎಂದ ಚೆನ್ನರಾಯಪ್ಪ.

“ಇರು, ನಾನೇ ತಂದ್ಕೊಡ್ತೀನಿ.” ಆವಲಪ್ಪ ಥಟ್ಟನೆ ತಿರುಗಿದ. ಎಲ್ಲರಿಗೂ ಅನುಕೂಲವಾದ ದಾರಿ ಅದು. ಒಳಗೆ ಅಟ್ಟಣೆಯತ್ತ ನಡೆದು ಕೈ ಚಾಚಿದ್ದೂ ತೆರೆದ ಬಾಗಿಲಿನಿಂದ ಕಂಡಿತು.

“ಮುಟ್ಬೇಡಿ ಗೌಡ್ರೆ.”

ದನಿ ಎತ್ತರವಾಗಿರಲಿಲ್ಲ. ಚಾಚಿದ ಕೈ ತಟ್ಟೆಯ ಮೇಲೆ ಒಂದು ಗೇಣು ದೂರದಲ್ಲಿ ಹಾಗೆಯೇ ನಿಂತಿತು. ಅಮ್ಮಾಜಮ್ಮ ಅಡುಗೆಮನೆಯಿಂದ ತಲೆ ಹೊರಹಾಕಿದರು. ಈ ಮನೆಯಲ್ಲಿ ಆ ಮಾತನ್ನು ಹೊರಗಿನವರು ಒಳಗಿನವರಿಗೆ ಹೇಳಿದ್ದು ಬಹುಶಃ ಅದೇ ಮೊದಲು.

“ಕೆಲಸಗಾರನ ಉಳಿ ಬೇರೆಯೋರ ಕೈಗೆ ಹೋಗಂಗಿಲ್ಲ,” ಎಂದ ಚೆನ್ನರಾಯಪ್ಪ. “ಕೈ ಬದಲಾದ್ರೆ ಬಾಯಿ ಕೆಡ್ತದೆ. ನಮ್ ಕಸುಬಿನ ನೇಮ. ತಪ್ಪು ತಿಳ್ಕೋಬೇಡಿ.”

ಆವಲಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಚೆನ್ನರಾಯಪ್ಪ ಹನಿಯ ಸಾಲು ದಾಟಿ, ಜಗಲಿ ಹತ್ತಿ, ತಾನು ಹೊಡೆದ ಹಲಗೆಯ ಕೆಳಗೆ ಹಾದು, ಈ ಸಲ ಎಲ್ಲರೂ ನೋಡುತ್ತಿದ್ದ ಹಾಗೆ ಬಾಗಿಲಿನಿಂದಲೇ ಒಳಗೆ ಹೋದ. ಅಂಗಾಲನ್ನು ಮೆಲ್ಲನೆ ಊರುತ್ತ, ಬೆರಳ ತುದಿಯಲ್ಲಿ ನಡೆದ. “ಮೆತ್ತಗೇ ಬರ್ತೀನಿ ಗೌಡ್ರೆ,” ಎಂದ. “ಹುಳಕ್ಕೆ ತೊಂದ್ರೆ ಆಗ್ಬಾರ್ದಲ್ಲ.” ಖಾಲಿ ತಟ್ಟೆಯಿಂದ ಉಳಿ ಎತ್ತಿಕೊಂಡು, ಅದರ ಬಾಯನ್ನು ಹೆಬ್ಬೆರಳಿಂದ ನೋಡಿ, ಬಟ್ಟೆಗೆ ಒರೆಸಿ ಸೊಂಟಕ್ಕೆ ಸಿಕ್ಕಿಸಿದ.

ಹೊರಗೆ ಬಂದಾಗ ಆಂಜಿನಮ್ಮ ಜಗಲಿಯ ಮೆಟ್ಟಿಲ ಹತ್ತಿರ ನಿಂತಿದ್ದಳು. ಸೌದೆಯ ಹೊರೆ ಅಂಗಳದಲ್ಲೇ ಇತ್ತು, ಅವಳು ಹನಿಯ ಸಾಲಿನ ಈಚೆ ಇದ್ದಳು. ಯಾವಾಗ ದಾಟಿದಳೋ, ಮಗನನ್ನು ಎಳೆದುಕೊಂಡು ಹೋಗಲು ಬಂದಳೋ, ಅವಳ ಮುಖದಿಂದ ಏನೂ ಗೊತ್ತಾಗಲಿಲ್ಲ. ಮಗನನ್ನು ನೋಡಿ ತಲೆ ಎತ್ತಿ ಸೂರಿನತ್ತ ಕಣ್ಣು ಹಾಯಿಸಿದಳು.

“ಹಲಗೆ ವಾಲೈತಾ ಅಂತ ನೋಡಾಕ್ ಬಂದೆ,” ಎಂದಳು.

“ಅಲ್ಲಿಂದ ಕಾಣಲ್ಲಮ್ಮ,” ಎಂದ ಚೆನ್ನರಾಯಪ್ಪ. “ಇನ್ನೊಂದು ಹೆಜ್ಜೆ ಬಾ.”

ಅವನು ಕೈ ಚಾಚಿ ಅವಳ ಭುಜ ಹಿಡಿದುಕೊಂಡ. ಅವಳು ಮೆಟ್ಟಿಲು ಹತ್ತಿದಳು.